ಕುದುರೆ ಲಾಯದ ಎಣ್ಣೆಗಾಯಿ

ನನ್ನ ಗಂಡ ಮೈಸೂರಿನ ದೊಡ್ಡ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದವರು. ತೊಂಬತ್ತರ ದಶಕದ ಕೊನೆಯಲ್ಲಿ ಆ ಕೆಲಸ ಬಿಟ್ಟು, ತಲೆ ಮೇಲಿನ ಉದ್ದನೆ ಬಿಳಿ ಟೋಪಿಯನ್ನು ಮಾತ್ರ ಬಿಡದೆ, ನಂಜನಗೂಡಿಗೆ ಬಂದು ಸ್ವಂತ ಹೋಟೆಲು ತೆರೆದರು. ತೆರೆದದ್ದಾದರೂ ಎಲ್ಲಿ? ಮಹಾರಾಜರ ಕಾಲದ ಕುದುರೆ ಲಾಯದಲ್ಲಿ. ಕಲ್ಲು ಕಂಬ, ಕುದುರೆ ಕಟ್ಟುತ್ತಿದ್ದ ಕಬ್ಬಿಣದ ಬಳೆ, ಹುರುಳಿ ಹಾಕುತ್ತಿದ್ದ ಕಲ್ಲಿನ ಗೋದಲಿ ಎಲ್ಲ ಹಾಗೇ ಇದ್ದವು. ಗೋದಲಿಗಳ ಮೇಲೆ ಹಲಗೆ ಹಾಸಿ ಮೇಜು ಮಾಡಿದೆವು. ಊರಿನವರು "ಬನ್ರೀ, ಮೇವು ತಿಂದು ಬರೋಣ" ಎಂದು ನಗುತ್ತಲೇ ಬರುತ್ತಿದ್ದರು. ನಕ್ಕರೆ ನಗಲಿ, ಎಲೆ ಮುಂದೆ ಕೂತರಲ್ಲ ಎಂದು ನಾನು ಬಡಿಸುತ್ತಿದ್ದೆ.

ಯಜಮಾನರದು ಒಂದೇ ಹಟ. ಸುತ್ತಲ ಹಳ್ಳಿಗಳಲ್ಲಿ ಬೆಳೆದದ್ದನ್ನು ಬಿಟ್ಟು ಬೇರೇನೂ ಅಡುಗೆಮನೆ ಹೊಸಿಲು ದಾಟಕೂಡದು. ಅಕ್ಕಿ ಹುಲ್ಲಹಳ್ಳಿಯದು, ಅವರೆ ತಗಡೂರಿನದು, ಮೀನು ನರಸೀಪುರದ ಹೊಳೆಯದು. ಗೋಬಿ ಮಂಚೂರಿ ಕೇಳಿಕೊಂಡು ಬಂದ ಕಾಲೇಜು ಹುಡುಗರಿಗೆ ಬಸ್ಸಾರಿನ ಮೇಲೆ ಭಾಷಣ ಬಿಗಿದು ಕಳಿಸಿದ್ದೂ ಉಂಟು. ಯಾವ ಪದಾರ್ಥ ಯಾವ ಊರಿನದೆಂದು ಬಾಗಿಲ ಕರಿಹಲಗೆ ಮೇಲೆ ಬರೆಯುತ್ತಿದ್ದರು. ಯಾರಾದರೂ ಕೇಳಿಬಿಟ್ಟರೆ ಯಾರ ಹೊಲ, ಯಾವ ಕಾಲುವೆಯ ನೀರು ಎನ್ನುವವರೆಗೂ ಒಪ್ಪಿಸುತ್ತಿದ್ದರು. ಸುಳ್ಳು ಹೇಳುವುದು ಅವರಿಗೆ ಬರುತ್ತಲೇ ಇರಲಿಲ್ಲ.

ಲಾಯ ಪಕ್ಕದ ಹದಿನಾರು ಎಂಬ ಊರಿನ ಗೌಡರೊಬ್ಬರದು. ಒಂದು ವರ್ಷದ ಮಟ್ಟಿಗೆ ನಮಗೆ ಬಾಡಿಗೆಗೆ ಕೊಟ್ಟಿದ್ದರು. ವರ್ಷ ಮುಗಿಯುತ್ತ ಬಂದಾಗ ಸಿಮೆಂಟು ಅಂಗಡಿಯವರೊಬ್ಬರು ಅದನ್ನು ಗೋಡೌನಿಗೆ ಕೇಳಿದರಂತೆ. "ಭಾನುವಾರ ಊಟಕ್ ಬತ್ತೀನಿ, ಉಂಡ್ಮೇಲೆ ತೀರ್ಮಾನ" ಎಂದು ಗೌಡರು ಹೇಳಿಕಳಿಸಿದರು. ಲಾಯ ಹೋದರೆ ಹೋಟೆಲೂ ಹೋದಂತೆಯೇ. ನನಗೆ ಶನಿವಾರವೆಲ್ಲ ಅನ್ನ ಇಳಿಯಲಿಲ್ಲ.

ಗೌಡರಿಗೆ ಅವರ ಊರಿನದನ್ನೇ ಬಡಿಸೋಣ ಎಂದು ಯಜಮಾನರು ಹದಿನಾರಿನಿಂದ ಎಳೆ ಬದನೇಕಾಯಿ ತಂದು ಎಣ್ಣೆಗಾಯಿಗೆ ಕೂತರು. ನಮಗೆ ಹಾಲು ಹಾಕುವವಳು ಅದೇ ಊರಿನವಳು. ಬುಟ್ಟಿ ನೋಡಿದ್ದೇ ಎದೆ ಹಿಡಿದುಕೊಂಡಳು. "ಅಯ್ಯೋ ಅಕ್ಕಾ, ಇದು ಗೌಡ್ರ ತಮ್ಮನ್ ವಲದ್ದು ಕಣಕ್ಕ! ವಲದ್ ಬದುವಿನ್ ಜಗಳ. ಪಾಲಾದಾಗಿಂದ ಒಬ್ರ ಮನೆ ನೀರ ಇನ್ನೊಬ್ರು ಮುಟ್ಟಕಿಲ್ಲ."

ಬೇರೆ ಕಾಯಿ ತರಲು ಹೊತ್ತಿರಲಿಲ್ಲ. "ಕೇಳಿದ್ರೆ ಸಂತೆದು ಅನ್ನಿ" ಎಂದೆ.

"ಸಂತೆದು ಅನ್ನೋಕೆ ಈ ಹೋಟ್ಲು ಯಾಕೆ ಬೇಕಿತ್ತು?" ಎಂದರು.

"ಹಾಗಾದ್ರೆ ಒಲೆ ಮುಂದಿಂದ ಅಲ್ಲಾಡಬೇಡಿ, ನಾನೇ ಬಡಿಸ್ತೀನಿ" ಎಂದು ಗದರಿದೆ. ಸುಳ್ಳು ನನಗೆ ಸಲೀಸಾಗಿ ಬರುತ್ತದೆ.

ಗೌಡರು ಬಂದರು. ಹೆಗಲ ಮೇಲಿನ ವಲ್ಲಿ ಕೊಡವಿ ಕೂತು, ಅಕ್ಕಿ ರೊಟ್ಟಿ ಜೊತೆ ಎರಡು ಎಣ್ಣೆಗಾಯಿ ಮುಗಿಸಿ ಮೂರನೆಯದಕ್ಕೆ ಎಲೆ ತೋರಿಸಿದರು. ಬಡಿಸಿದೆ. ಒಳಗೊಳಗೇ ಕುಣಿಯುವಂತಾಗಿತ್ತು. ಅಷ್ಟರಲ್ಲಿ "ಕಾಯಿ ಎಲ್ಲೀದವ್ವಾ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಬಿಳಿ ಟೋಪಿ ಹೊರಗೆ ಬಂತು. ಕೆಮ್ಮಿದೆ. ಸೌಟಿನಿಂದ ಪಾತ್ರೆ ಕುಟ್ಟಿದೆ. ಪಕ್ಕಕ್ಕೆ ಬಂದು ನಿಂತಾಗ ಕಾಲನ್ನೂ ತುಳಿದೆ.

"ನಿಮ್ಮ ತಮ್ಮನವರ ಹೊಲದ್ದು ಗೌಡ್ರೇ" ಎಂದರು ಪುಣ್ಯಾತ್ಮರು.

ಗೌಡರ ಕೈ ಎಲೆಗೂ ಬಾಯಿಗೂ ನಡುವೆ ನಿಂತುಬಿಟ್ಟಿತು. ಗಂಡನನ್ನು ಆ ಕಬ್ಬಿಣದ ಬಳೆಗೆ ಕಟ್ಟಿಹಾಕಬೇಕು ಎನ್ನುವಷ್ಟು ಸಿಟ್ಟು ಬಂತು, ಹಿಂದೆಯೇ ಅಳುವೂ ಬಂತು. ನನ್ನ ಕಣ್ಣಿಗೆ ಆಗಲೇ ಲಾಯದ ತುಂಬ ಸಿಮೆಂಟು ಮೂಟೆ ಕಾಣುತ್ತಿತ್ತು.

"ಯಾವ್ ವಲ? ಕಾಲ್ವೆ ಪಕ್ಕದ್ದಾ?" ಗೌಡರು ಕೇಳಿದರು.

"ಹೌದು" ಎಂದರು ಇವರು.

"ಅದು ನಂದು! ಅವ್ನು ಒತ್ಕಂಡವ್ನೆ, ಅಷ್ಟೆ. ನನ್ ವಲದ್ ಕಾಯ ನಾನ್ ತಿಂದ್ರೆ ಯಾರಪ್ಪನ್ ಗಂಟ್ ಓಯ್ತದೆ?" ಎನ್ನುತ್ತ ಕೈಯಲ್ಲಿದ್ದದ್ದನ್ನು ಬಾಯಿಗೆ ಸೇರಿಸಿದರು. "ಆಕವ್ವ ಇನ್ನೊಂದ."

ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕೆ. ಯಜಮಾನರು ಮಾತ್ರ ಆ ಹೊಲ ಕಂದಾಯದ ದಾಖಲೆ ಪ್ರಕಾರ ಯಾರದು ಎಂದು ವಿವರಿಸಲು ಹೊರಟರು. ಇನ್ನೊಂದು ಸಲ ಕಾಲು ತುಳಿಯಬೇಕಾಯಿತು.

ಊಟ ಮುಗಿಸಿ ಗೌಡರು ಕೈ ತೊಳೆದು ಬಂದರು. "ಗೋಡೌನಿಗ್ ಕೊಡಕಿಲ್ಲ. ಇದ ಮುಚ್ಬುಟ್ರೆ ಈ ಕಾಯ ನಾನ್ ಇನ್ನೆಲ್ ತಿನ್ನದು? ಅವ್ನ್ ಬಾಗ್ಲಿಗ್ ಓಗ್ಲಾ?" ಎಂದರು. ಆಮೇಲೆ ಒಮ್ಮೆ ಬೀದಿ ಕಡೆ ನೋಡಿ ದನಿ ತಗ್ಗಿಸಿದರು. "ನಾಕು ಕಟ್ಕೊಡವ್ವ. ಮನೇಲಿ ನಮ್ಮವ್ವ ಅವ್ಳೆ. ಪಾಲಾಗಕ್ ಮುಂಚೆ ಆ ವಲ್ದಲ್ಲಿ ಬದ್ನೆ ಆಕ್ತಿದ್ದೋಳು ಅವ್ಳೇಯ. ಬೀಜನೂ ಅವ್ಳ್ದೇ."

ನಾನು ಬಾಳೆಲೆಯಲ್ಲಿ ಕಟ್ಟುತ್ತ, ಗಂಡನಿಗೆ ಕೇಳಲೆಂದೇ ಗಟ್ಟಿಯಾಗಿ, "ಯಾರ ಹೊಲದ್ದು ಅಂತ ಅಜ್ಜಿಗೆ ಹೇಳ್ಬೇಡಿ ಮತ್ತೆ" ಎಂದೆ.

"ನಾನ್ಯಾಕ್ ಏಳ್ಲಿ" ಎಂದರು ಗೌಡರು, ಪೊಟ್ಟಣವನ್ನು ವಲ್ಲಿಯೊಳಗೆ ಸುತ್ತಿಕೊಳ್ಳುತ್ತ. "ಬಾಯಿಗಾಕಂಡ್ರೆ ಅವ್ವುಂಗೇ ಗೊತ್ತಾಯ್ತದೆ."