ತೃಪ್ತಿಕರ ಎಂದು ಬರೆದ ಟೀಚರಮ್ಮ

ಚೂಡಾಮಣಿ ಬಸವನಗುಡಿಯಿಂದ ಇಟ್ಟಮಡು ಹಳ್ಳಿಯ ಶಾಲೆಗೆ ದಿನವೂ ನಡೆದೇ ಬರುತ್ತಿದ್ದರು. ಸಾವಿರದ ಒಂಬೈನೂರ ಐವತ್ತಮೂರರಲ್ಲಿ ಸಿಕ್ಕ ಕೆಲಸ. ಒಂದು ಕೋಣೆ, ನಾಲ್ಕು ತರಗತಿ, ಮೂವತ್ತೆಂಟು ಮಕ್ಕಳು, ಒಬ್ಬರೇ ಟೀಚರಮ್ಮ. ಚಿಕ್ಕವರು ಮರಳಿನ ಮೇಲೆ ಅಕ್ಷರ ತಿದ್ದುವಾಗಲೇ ದೊಡ್ಡವರು ಮಗ್ಗಿ ಒಪ್ಪಿಸಬೇಕು. ಇದರ ಮೇಲೆ ಹೊಸ ಪಠ್ಯಕ್ರಮ ಬಂತು: ಮಕ್ಕಳು ತಕಲಿಯಲ್ಲಿ ನೂಲು ತೆಗೆಯಬೇಕಂತೆ, ಕೈತೋಟ ಬೆಳೆಸಬೇಕಂತೆ. ಬಂದ ತಕಲಿ ಆರು. ಕೈತೋಟ ಊರ ಮೇಕೆಗಳ ಪಾಲಾಯಿತು.

ಪ್ರತಿ ಮಾರ್ಚಿನಲ್ಲಿ ಇಲಾಖೆಗೆ ಪ್ರಗತಿ ವರದಿ ಕಳಿಸಬೇಕಿತ್ತು. ಮೊದಲ ವರ್ಷ ಆಕೆ ಇದ್ದದ್ದನ್ನು ಇದ್ದ ಹಾಗೆ ಬರೆಯಲು ಕೂತರು. ಪಕ್ಕದ ಹಳ್ಳಿಯ ಹಿರಿಯ ಮೇಷ್ಟ್ರು ವೆಂಕಟಾಚಲ ಇಣುಕಿ ನೋಡಿ ನಕ್ಕರು.

"ಹಿಂಗೆ ಬರೆದ್ರೆ ನಿಮ್ ಕೈಲಾಗ್ಲಿಲ್ಲ ಅಂತಾರೆ ಕಣಮ್ಮ. ಎಲ್ಲಾ ಕಡೆ 'ತೃಪ್ತಿಕರ' ಅಂತ ಹಾಕಿ. ಅವ್ರಿಗೂ ನೆಮ್ಮದಿ, ನಿಮಗೂ ನೆಮ್ಮದಿ."

ಕೆಲಸ ಹೊಸದು, ಮನೆಯಲ್ಲಿ ಇವರ ಸಂಬಳವೇ ಆಧಾರ. ಹಾಗೇ ಬರೆದರು. ನಾಲ್ಕು ವರ್ಷ ಬರೆದರು. ಹೆದರಿದವರ ಕೈಬರಹ ಯಾವಾಗಲೂ ದುಂಡಗೇ ಇರುತ್ತದೆ.

ಐವತ್ತೇಳರಲ್ಲಿ ಮುನಿಲಕ್ಷ್ಮಿ ನಾಲ್ಕನೆಯದು ಮುಗಿಸಿದಳು. ಒಂದನೆಯವರಿಗೆ ಅಕ್ಷರ ತಿದ್ದಿಸುತ್ತಿದ್ದವಳೇ ಅವಳು. ಊರಲ್ಲಿ ಐದನೆಯದಿಲ್ಲ, ಪೇಟೆಯವರೆಗೆ ಹೆಣ್ಣುಮಗುವನ್ನು ಕಳಿಸಲು ತಾಯಿ ನಾರಾಯಣಮ್ಮ ಒಪ್ಪಲಿಲ್ಲ.

"ಟೀಚರಮ್ಮ, ಐದನೇ ಕ್ಲಾಸ್ನ ಇಲ್ಲಿಗೇ ತರ್ಸಿ," ಎಂದಳು ಹುಡುಗಿ, ಬೆಲ್ಲ ತರಿಸಿ ಎಂಬಷ್ಟು ಸಲೀಸಾಗಿ.

ಐದನೆಯದು ಬೇಕೆಂದರೆ ಎರಡನೇ ಶಿಕ್ಷಕರು ಬೇಕು. ಚೂಡಾಮಣಿ ಅರ್ಜಿ ಹಾಕಿದರು. ಜೂನ್‌ನಲ್ಲಿ ಉತ್ತರ ಬಂತು: ಸದರಿ ಶಾಲೆಯ ಪ್ರಗತಿ ಸತತ ನಾಲ್ಕು ವರ್ಷ ತೃಪ್ತಿಕರವಾಗಿದ್ದು, ಹಾಲಿ ಇರುವ ಒಬ್ಬ ಶಿಕ್ಷಕಿಯೇ ಸಾಕೆಂದು ಕಂಡುಬರುತ್ತದೆ.

ತಮ್ಮ ಕಾಲ ಮೇಲೆ ತಾವೇ ಕಲ್ಲು ಎತ್ತಿ ಹಾಕಿಕೊಂಡಿದ್ದರೆ ತಡೆದುಕೊಳ್ಳಬಹುದಿತ್ತು. ಕಲ್ಲು ಬಿದ್ದದ್ದು ಮಗುವಿನ ಕಾಲ ಮೇಲೆ. ಆಕೆ ಕಾಗದ ಹಿಡಿದು ಖಾಲಿ ಕೋಣೆಯಲ್ಲಿ ಅತ್ತರು.

ಮರುವರ್ಷದ ವರದಿಯಲ್ಲಿ 'ತೃಪ್ತಿಕರ' ಎಂಬ ಪದ ಒಂದೂ ಇರಲಿಲ್ಲ. ತಕಲಿ ಆರು, ನೂಲು ಇಲ್ಲ, ತೋಟವಿಲ್ಲ. ನಾಲ್ಕನೆಯದಕ್ಕೇ ಓದು ನಿಲ್ಲಿಸಿದ ಹೆಣ್ಣುಮಕ್ಕಳ ಸಂಖ್ಯೆ ಕೇಳಿದ ಕಡೆ ಹನ್ನೊಂದು ಹೆಸರು ಬರೆದರು. ಮೇಲಿನವರು ವಿವರಣೆ ಕೇಳಿದರು, ಆ ವರ್ಷದ ಸಂಬಳದ ಬಡ್ತಿಯನ್ನೂ ತಡೆದರು. ಆದರೆ ತನಿಖೆಗೆ ಒಬ್ಬರು ಬಂದು ಹೋದರು. ಐವತ್ತೊಂಬತ್ತರ ಜೂನ್‌ನಲ್ಲಿ ಐದನೇ ತರಗತಿಗೆ ಮಂಜೂರಾತಿ ಬಂತು.

ಆ ಕಾಗದ ಹಿಡಿದು ಆಕೆ ಮೊದಲು ಓಡಿದ್ದು ನಾರಾಯಣಮ್ಮನ ಮನೆಗೆ. ನಾರಾಯಣಮ್ಮ ರಾಗಿ ಕೇರುತ್ತಿದ್ದಳು.

"ಮುನಿಲಕ್ಷ್ಮೀನ ಹೋದ್ ತಿಂಗ್ಳು ಹುಳಿಮಾವಿಗೆ ಕೊಟ್ವಲ್ಲ ಟೀಚರಮ್ಮ. ಎಲ್ಡು ವರ್ಸ ದಾರಿ ನೋಡುದ್ಲು. ಅವತ್ತೇ ಯಾಕ್ ಕೊಡ್ಲಿಲ್ಲ ಸರ್ಕಾರ್ದೋರು?"

ಸರ್ಕಾರದವರು ಎಂದು ತಲೆಯಾಡಿಸಿ ಬಂದುಬಿಡಬಹುದಿತ್ತು. ಚೂಡಾಮಣಿ ಜಗುಲಿಯ ಮೇಲೆ ಕೂತರು.

"ಸರ್ಕಾರದೋರಲ್ಲ ನಾರಾಯಣಮ್ಮ. ಇಲ್ಲಿ ಎಲ್ಲಾ ಸರಿಯಾಗಿದೆ ಅಂತ ನಾನೇ ಬರ್ಕೊಟ್ಟಿದ್ದೆ."

ನಾರಾಯಣಮ್ಮ ಮೊರ ಕೆಳಗಿಟ್ಟಳು. ಆಮೇಲೆ ಒಳಗಿಂದ ಕಿರಿ ಮಗಳು ಸೊಣ್ಣಮ್ಮನನ್ನು ಕೈಹಿಡಿದು ತಂದು ಮುಂದೆ ನಿಲ್ಲಿಸಿದಳು.

"ಇವ್ಳುದ್ನಾದ್ರೂ ಸರಿಯಾಗ್ ಬರ್ಕೊಳಿ."