ಮಡಿ ಅಡುಗೆಮನೆಗೆ ಗಾಲಿ

ಮೊನ್ನೆ ಸೊಲಿಹಲ್‌ನ ಬಂಕಿನಲ್ಲಿ ಪೆಟ್ರೋಲ್ ಹಾಕುವಾಗ ಎರಡು ಹನಿ ಕೈಮೇಲೆ ಬಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ಕಾಕಾ ನೆನಪಾದರು...

ಧಾರವಾಡ ಕಡೆಯ ನಿವೃತ್ತ ಸರ್ಜನ್ ಅವರು. ನಾನು ಮೈಸೂರಿನವಳು, ಇಲ್ಲಿ ಇಂಗ್ಲೆಂಡಿನಲ್ಲಿ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರು. ಆದರೂ ಅವರನ್ನು ಕಾಕಾ, ಅವರ ಹೆಂಡತಿಯನ್ನು ಕಾಕು ಎಂದೇ ಕರೆಯುತ್ತಿದ್ದೆ. ಕಾಕು ಕಟ್ಟಾ ಮಡಿಯವರು. ಮೂವತ್ತು ವರ್ಷ ಈ ದೇಶದಲ್ಲಿದ್ದೂ ಹೊರಗೆ ಒಂದು ಗುಟುಕು ಚಹಾ ಕುಡಿದವರಲ್ಲ, ಹಾಗಾಗಿ ಟಿವಿಡೇಲ್‌ನ ಬಾಲಾಜಿ ಗುಡಿ ಬಿಟ್ಟು ಎಲ್ಲಿಗೂ ಹೋದವರಲ್ಲ. ಕಾಕಾ ರಿಟೈರ್ ಆದದ್ದೇ ಒಲೆ, ಸಿಂಕು, ಮಂಚ ಎಲ್ಲ ಇರುವ ಭಾರಿ ಕ್ಯಾರವಾನ್ ಒಂದನ್ನು ತಂದರು. ಅದನ್ನೆಳೆಯಲು ಪೆಟ್ರೋಲ್ ಪಿಕಪ್. ಇಲ್ಲಿ ಪಿಕಪ್ ಅಂದರೆ ಡೀಸೆಲ್ಲೇ, ಆದರೆ ಡೀಸೆಲ್ ವಾಸನೆಗೆ ಕಾಕುವಿಗೆ ವಾಕರಿಕೆ. ಬಿಳಿಯಾನೆ ಸಾಕಿದ್ದೀರಿ ಎಂದು ನಾನು ಛೇಡಿಸಿದರೆ, “ಮಡಿ ಅಡಗಿಮನಿಗೆ ಗಾಲಿ ಹಚ್ಚೀನಿ, ಸುಮ್ನ ಆಗ್ತದೇನು?” ಎನ್ನುತ್ತಿದ್ದರು.

ಆಮೇಲೆ ಅವರ ಕಣ್ಣಿನ ಬದಿಯ ನೋಟ ಕುಂದಿತು. ಡಾಕ್ಟರಾಗಿ ಮುಚ್ಚಿಡಲಾರದೆ ಲೈಸೆನ್ಸನ್ನು ತಾವೇ ವಾಪಸ್ ಕಳಿಸಿದರು. ಕಾಕುವಿಗೆ ಆ ವರ್ಷ ವಿಟ್ಬಿಯ ಸಮುದ್ರ ನೋಡುವ ಆಸೆ. ನಾನು ಓಡಿಸದಿದ್ದರೆ ಅವರಿಗೆ ಮತ್ತೆ ಮನೆ-ಗುಡಿ, ಗುಡಿ-ಮನೆ. ಹೂಂ ಎಂದೆನೇನೋ, ಒಳಗೊಳಗೇ ಪುಕಪುಕ.

ಕ್ಯಾರವಾನಿನ ಭಾರವೆಲ್ಲ ಚಕ್ರದ ಮೇಲಿರಬೇಕು, ಹಿಂದೆ ಬಿದ್ದರೆ ಓಲಾಡುತ್ತದೆ ಎಂದು ಕಾಕಾ ಹತ್ತು ಸಲ ಹೇಳಿದ್ದರು. ಹೊರಡುವ ದಿನ ಅವರು ಸ್ನಾನಕ್ಕೆ ಹೋದಾಗ ಕಾಕು ನನ್ನನ್ನು ಕರೆದರು. ವಿಟ್ಬಿಯ ನಲ್ಲಿ ನೀರು ಮಡಿಗೆ ಆಗಿಬರುವುದಿಲ್ಲವಂತೆ. ಎರಡು ದೊಡ್ಡ ಕ್ಯಾನು ಮನೆಯ ನೀರು, ಅಕ್ಕಿ ಚೀಲ, ಕಲ್ಲಿನ ಗ್ರೈಂಡರ್... ಎಲ್ಲವನ್ನೂ ಹಿಂದಿನ ಮಂಚದ ಕೆಳಗೆ ಬಚ್ಚಿಟ್ಟವಳು ನಾನೇ. ಮುಚ್ಚಳ ಬಿಗಿದ ಕ್ಯಾನನ್ನು ನಾನು ಮುಟ್ಟಿದರೆ ಮೈಲಿಗೆಯಲ್ಲವಂತೆ. ಮಡಿಯಲ್ಲೂ ಅನುಕೂಲ ಶಾಸ್ತ್ರ ಉಂಟು.

ಲೀಡ್ಸ್ ಹತ್ತಿರ ಮೋಟಾರ್‌ವೇ ಇಳಿಜಾರಾದದ್ದೇ ಕ್ಯಾರವಾನ್ ಬಾಲ ಅಲ್ಲಾಡಿಸತೊಡಗಿತು. ಪಿಕಪ್ಪನ್ನೂ ಎಡಕ್ಕೆ ಬಲಕ್ಕೆ ಜಗ್ಗಿತು.

“ಬ್ರೇಕ್ ಮುಟ್ಟಬ್ಯಾಡ. ಸ್ಟೇರಿಂಗ್ ನೆಟ್ಟಗ ಹಿಡಿ. ಎಕ್ಸಿಲರೇಟರ್ ಮ್ಯಾಲಿನ ಕಾಲಷ್ಟ ತಗಿ,” ಎಂದರು ಪಕ್ಕದಲ್ಲಿದ್ದ ಕಾಕಾ, ಆಪರೇಶನ್ ಥಿಯೇಟರಿನಲ್ಲಿ ಕತ್ತರಿ ಕೇಳುವ ದನಿಯಲ್ಲಿ.

ವೇಗ ಇಳಿಯಿತು, ಗಾಡಿ ನೆಟ್ಟಗಾಯಿತು. ಮುಂದಿನ ಸರ್ವೀಸಸ್ ತಂಗುದಾಣದಲ್ಲಿ ನಿಲ್ಲಿಸಿ, ಕಾಕಾ ಜೊತೆ ಕೆಳಗಿಳಿದು ತಪ್ಪೊಪ್ಪಿಕೊಂಡೆ. ಇನ್ನು ನನ್ನಿಂದಾಗದು, ವಾಪಸ್ ಹೋಗೋಣ ಎಂದೆ.

“ಆತು, ಹೊಳ್ಳಿ ಹೋಗೋಣು. ಆದ್ರ ಅಕಿಗೆ ನೀನ ಹೇಳು,” ಎಂದರು ಕಾಕಾ.

ಹಿಂದಿನ ಸೀಟಿನಲ್ಲಿ ಕಾಕು ತಲೆ ತಗ್ಗಿಸಿ ಸೆರಗಿನ ಅಂಚು ತಿರುವುತ್ತಿದ್ದರು. ನನಗೆ ಹೇಳಲಾಗಲಿಲ್ಲ. ಕಾಕಾ ಒಂದು ತೊಟ್ಟು ನೀರನ್ನೂ ಚೆಲ್ಲಿಸಲಿಲ್ಲ. ಚಕ್ರದ ಮೇಲಿದ್ದ ತಮ್ಮ ಕುರ್ಚಿ, ಟೆಂಟುಗಳನ್ನು ಪಿಕಪ್ಪಿಗೆ ಹಾಕಿ, ಕ್ಯಾನು, ಅಕ್ಕಿ, ಗ್ರೈಂಡರನ್ನು ನನ್ನ ಜೊತೆ ತಾವೂ ಹೊತ್ತು ಚಕ್ರದ ಮೇಲಕ್ಕೆ ತಂದಿಟ್ಟರು. ಆ ಸಂಜೆ ಸಮುದ್ರದೆದುರು ಕಾಕು ಬಡಿಸಿದ ಬಿಸಿ ಅನ್ನ ಸಾರು... ಅಂಥ ಊಟ ನಾನು ಮತ್ತೆ ಉಂಡಿಲ್ಲ. ಆಮೇಲೆ ಮೂರು ಬೇಸಿಗೆ ಹಾಗೆಯೇ ಸುತ್ತಿದೆವು. ಸುಖದ ದಿನಗಳವು.

ಕಾಕಾ ಹೋಗಿ ವರ್ಷವಾಯಿತು. ಕ್ಯಾರವಾನ್ ಮಾರುತ್ತಾರೇನೋ ಅಂದುಕೊಂಡಿದ್ದೆ. ಕಾಕು, “ಯಾವಾಗ ಹೋಗೋಣು?” ಎಂದರು. ಮೊನ್ನೆ ಪೆಟ್ರೋಲ್ ಹಾಕಿದ್ದು ಅದಕ್ಕೇ. ಕಾಕಾ ಇಲ್ಲದ ಆ ಮೊದಲ ಪ್ರಯಾಣದಲ್ಲಿ, ಕಾಕು ಮುಂದಿನ ಸೀಟಿನಲ್ಲಿ ಕೂತಿದ್ದರು. ವಿಟ್ಬಿಗೆ ಮುಂಚೆ ಗುಡ್ಡದ ದಾರಿಯಲ್ಲಿ ಸಮುದ್ರ ಕಂಡಿತು.

“ಇಲ್ಲಿಂದ ಎಷ್ಟ ಚಂದ ಕಾಣ್ತದ! ಇವರು ಇದನ್ನ ಒಮ್ಮೆನೂ ನೋಡಲಿಲ್ಲ ನೋಡು. ನಂಗ ದೇಶೆಲ್ಲ ತೋರಿಸಿದ್ರು, ತಾವು ಮಾತ್ರ ದಾರಿ ಉದ್ದಕ್ಕೂ ಕನ್ನಡ್ಯಾಗ ಕ್ಯಾರವಾನ್ ಬಾಲ ಕಾಯ್ಕೋತ ಬಂದ್ರು,” ಎಂದರು.

ನನಗೆ ಅಳು ಒತ್ತಿಕೊಂಡು ಬಂತು. ದಾರಿ ಇಳಿಜಾರಾಗಿತ್ತು, ಹಿಂದೆ ಭಾರವಿತ್ತು. ಅಳುವುದನ್ನು ಗಾಡಿ ನಿಲ್ಲಿಸಿದ ಮೇಲಕ್ಕೆ ಇಟ್ಟುಕೊಂಡೆ.