ಗಂಡನ ಇಸಿಜಿಗೆ ಹೋದ ಏಣಿಯಕ್ಕ

ಮನೆಗಳಿಗೆ ಬಣ್ಣ ಬಳಿಯುವ ಆ ಹೆಂಗಸನ್ನು ಬೀದಿಯವರೆಲ್ಲ ಏಣಿಯಕ್ಕ ಎಂದೇ ಕರೆಯುತ್ತಿದ್ದರು. ವಯಸ್ಸು ನಲವತ್ತೆಂಟು. ಮೂರನೇ ಮಹಡಿಯ ಹೊರಗೋಡೆಯಾದರೂ ಸರಿ, ಒಂದು ಕೈಯಲ್ಲಿ ಏಣಿ ಹಿಡಿದು ಇನ್ನೊಂದರಲ್ಲಿ ರೋಲರ್ ಆಡಿಸುತ್ತ, ಕೆಳಗಿದ್ದವರ ಜೊತೆ ಹರಟೆ ಹೊಡೆಯುವ ಗಟ್ಟಿಗಿತ್ತಿ. ಇವಳ ಹತ್ತಿರ ಬರಲು ನೆಗಡಿಯೂ ಹಿಂದೆಮುಂದೆ ನೋಡುತ್ತದೆ ಎಂದು ನಾದಿನಿ ಹೇಳುತ್ತಿದ್ದಳು. ಗಂಡ ದರ್ಜಿ. ದಿನವಿಡೀ ಸೂಜಿ ಹಿಡಿಯುವವನು ಡಾಕ್ಟರ ಸೂಜಿ ಕಂಡರೆ ಬೆವರುತ್ತಿದ್ದ.

ಒಂದು ವಾರದಿಂದ ಅವನಿಗೆ ಎದೆಯುರಿ. ಏಣಿಯಕ್ಕ ಕೆಲಸ ಬಿಟ್ಟು ಅವನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಇಸಿಜಿ ಕೋಣೆಯ ಹೊಸ್ತಿಲಲ್ಲೇ ಅವನು ನಿಂತುಬಿಟ್ಟ.

“ಇಷ್ಟೊಂದು ವೈರು ಯಾಕೆ? ಶಾಕ್ ಹೊಡೆದ್ರೆ?”

“ನಿಮ್ಮನ್ನ ಕಟ್ಕೊಂಡು...” ಎನ್ನುತ್ತ ಏಣಿಯಕ್ಕ ಯಂತ್ರದ ಬಳಿಯಿದ್ದ ನರ್ಸಿನ ಕಡೆ ತಿರುಗಿದಳು. “ಸಿಸ್ಟರ್, ಮೊದ್ಲು ನಂಗೇ ಮಾಡಿಬಿಡಿ. ನೋಡಾದ್ರೂ ಇವ್ರಿಗೆ ಧೈರ್ಯ ಬರ್ಲಿ.”

ನರ್ಸ್ ನಗುತ್ತ ಮಂಚ ತೋರಿಸಿದಳು. ಎದೆಗೆ ತಣ್ಣನೆಯ ಜೆಲ್ಲು ತಗುಲಿತು. “ನೋಡಿ, ಇರುವೆ ಕಚ್ಚಿದಷ್ಟೂ ಇಲ್ಲ,” ಎಂದು ಏಣಿಯಕ್ಕ ಮಲಗಿದಲ್ಲಿಂದಲೇ ಗಂಡನಿಗೆ ಹೇಳಿದಳು.

ಕಾಗದ ಸುರುಳಿ ಬಿಚ್ಚಿ ಹೊರಬಂತು. ನರ್ಸಿನ ಮುಖದ ನಗು ಹೋಯಿತು. ವೈರುಗಳನ್ನು ಮುಟ್ಟಿ ನೋಡಿ ಇನ್ನೊಮ್ಮೆ ಇಸಿಜಿ ತೆಗೆದಳು. ಮೂರನೇ ಸಲ ತೆಗೆಯುವಾಗ, ಮಾತಾಡಬೇಡಿ ಎಂದಳು.

“ತಲೆ ಸುತ್ತುತ್ತಾ?”

“ಇಲ್ವಲ್ಲ.”

“ಏಳ್ಬೇಡಿ. ಹಾಗೇ ಮಲಗಿರಿ,” ಎಂದವಳೇ ಕಾಗದ ಹಿಡಿದು ಹೊರಗೆ ಓಡಿದಳು.

ಡಾಕ್ಟರು ಬಂದವರೇ ನಾಡಿ ಹಿಡಿದರು. ಏನು ಕೆಲಸ ಎಂದು ಕೇಳಿದರು.

“ಬಣ್ಣ ಬಳಿಯೋದು. ನಿನ್ನೆ ಮೂರನೇ ಮಹಡಿಲಿದ್ದೆ.”

ಅವರು ಇಸಿಜಿ ಕಾಗದವನ್ನು ಅವಳ ಮುಂದೆ ಹಿಡಿದರು. “ನಿಮ್ಮ ಹೃದಯ ಮಧ್ಯೆ ಮಧ್ಯೆ ಬಡಿಯೋದನ್ನೇ ಬಿಡ್ತಿದೆ. ಈಗ ಮೂರು ಸೆಕೆಂಡು ನಿಂತಿತ್ತು.”

“ರೋಗಿ ಇವ್ರು ಸಾರ್, ನಾನಲ್ಲ. ಕಾಗದ ಅದಲುಬದಲಾಗಿರ್ಬೇಕು.”

“ಇವ್ರದು ಇನ್ನೂ ತೆಗೆದೇ ಇಲ್ಲಮ್ಮ.”

ದಿನಕ್ಕೆ ಐವತ್ತು ಸಲ ಏಣಿ ಹತ್ತುತ್ತಿದ್ದವಳನ್ನು ಇಪ್ಪತ್ತು ಹೆಜ್ಜೆಯೂ ನಡೆಯಗೊಡದೆ ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋದರು. ರಕ್ತ ತೆಗೆದರು. ಕತ್ತಲೆ ಕೋಣೆಯಲ್ಲಿ ಎದೆಗೆ ಎಕೋ ಸ್ಕ್ಯಾನ್ ಮಾಡಿದರು. ಪರದೆಯ ಮೇಲೆ ಬೂದುಬಣ್ಣದ್ದೇನೋ ಮಿಡುಕುತ್ತಿತ್ತು. ಅದು ತನ್ನದೇ ಹೃದಯ ಎಂದು ಅವಳಿಗೆ ನಂಬಿಕೆಯೇ ಬರಲಿಲ್ಲ. ಹೃದಯ ಗಟ್ಟಿಯಾಗಿಯೇ ಇದೆ, ಬಡಿಯೆಂದು ಅದಕ್ಕೆ ಸೂಚನೆ ಒಯ್ಯುವ ದಾರಿ ಮಾತ್ರ ಕೆಟ್ಟಿದೆ ಎಂದು ಡಾಕ್ಟರು ಬಿಡಿಸಿ ಹೇಳಿದರು.

ಆ ಮಧ್ಯಾಹ್ನ, ಎದೆಗೆ ವೈರು ಅಂಟಿಸಿಕೊಂಡೇ ಅವಳು ಗಂಡನಿಗೆ, “ಬೀಗದ ಕೈ ಅಕ್ಕಿ ಡಬ್ಬದ...” ಎಂದಳು. ಕಣ್ಣು ಮೇಲಕ್ಕೆ ಹೋಯಿತು. ಯಂತ್ರ ಕೂಗಿತು, ನರ್ಸುಗಳು ಓಡಿ ಬಂದರು. “...ಹಿಂದೆ ಇದೆ,” ಎಂದು ಮಾತು ಮುಗಿಸಿದ ಏಣಿಯಕ್ಕ ಸುತ್ತ ನಿಂತವರನ್ನು ನೋಡಿ, “ಏನಾಯ್ತು?” ಎಂದಳು. ಹೃದಯ ಎಂಟು ಸೆಕೆಂಡು ನಿಂತಿತ್ತು. ಅವಳ ಲೆಕ್ಕದಲ್ಲಿ ಏನೂ ಆಗಿರಲಿಲ್ಲ.

ಹೋದ ತಿಂಗಳು ಏಣಿಯ ಮೇಲೆ ಕೈಯಿಂದ ರೋಲರ್ ಜಾರಿ ಬಿದ್ದದ್ದು ಆಗ ನೆನಪಾಯಿತು. ಬೆವರಿಗೆ ಜಾರಿತು ಅಂದುಕೊಂಡಿದ್ದಳು.

ಮರುದಿನ ಭುಜದ ಕೆಳಗೆ ಪೇಸ್‌ಮೇಕರ್ ಕೂರಿಸಿದರು. ಅಷ್ಟರೊಳಗೆ ಗಂಡ ತುಟಿಪಿಟಕ್ಕೆನ್ನದೆ ಹೋಗಿ ಇಸಿಜಿಗೆ ಮಲಗಿ ಬಂದಿದ್ದ.

“ನಂದು ಸರಿಯಾಗಿದೆಯಂತೆ, ಬರೀ ಗ್ಯಾಸಂತೆ,” ಎಂದ, ಕದ್ದು ಸಿಕ್ಕಿಬಿದ್ದವನ ಹಾಗೆ.

“ಒಬ್ರದ್ದಾದ್ರೂ ಸರಿಯಿರ್ಲಿ ಬಿಡಿ.”

ಮೂರು ತಿಂಗಳಾದ ಮೇಲೆ, ಇನ್ನು ಏಣಿ ಹತ್ತಬಹುದು ಎಂದರು ಡಾಕ್ಟರು. ಅವಳು ಹತ್ತಿಲ್ಲ. ಈಗ ಸ್ಟೂಲಿನ ಮೇಲೆ ಕೂತು ಗೇಟು, ಕಿಟಕಿ ಸರಳುಗಳಿಗೆ ಬಣ್ಣ ಹಚ್ಚುತ್ತಾಳೆ. ಮನೆಯಲ್ಲಿ ಅವಳು ಮಾತಿನ ನಡುವೆ ಏನೋ ಯೋಚಿಸುತ್ತ ಸುಮ್ಮನಾದರೆ ಸಾಕು, ಗಂಡನ ಹೊಲಿಗೆ ಯಂತ್ರವೂ ಗಕ್ಕನೆ ನಿಲ್ಲುತ್ತದೆ.

“ಇದ್ದೀನಿ ರೀ. ಹೊಲೀರಿ,” ಎನ್ನುತ್ತಾಳೆ.